ವೀರಭದ್ರಾಚಾರ್ ಕೆತ್ತುವ ಕೈಗಳು

ಸತ್ತವರನ್ನು ಬದುಕಿದ್ದಾಗಿನದಕ್ಕಿಂತ ಚೆಲುವಾಗಿ ಮಾಡಿಕೊಡುವವರು ಹೊನ್ನಾಳಿಯಲ್ಲಿ ಒಬ್ಬರೇ, ಅಮೃತಶಿಲೆಯ ಶಿಲ್ಪಿ ವೀರಭದ್ರಾಚಾರ್. ಬೋಳುತಲೆಗೆ ಕೂದಲು ಬರಿಸುತ್ತಾರೆ, ಮೆಳ್ಳೆಗಣ್ಣು ನೆಟ್ಟಗೆ ಮಾಡುತ್ತಾರೆ, ಗಿರಾಕಿ ಏನು ಕೇಳಿದರೂ “ಅದಕ್ಕೇನ್ರೀ, ಮಾಡಿದ್ರಾತು” ಎನ್ನುತ್ತಾರೆ. ಮನೆಯಲ್ಲಿ ನೀರಿನ ಕೊಡ ಎಲ್ಲಿದೆಯೆಂದು ತಿಳಿಯದ ಈ ಮಹಾಶಯರು ಉಳಿ ಕೆಳಗಿಟ್ಟು “ಮೂರ್ತಿ ಮುಗೀತು” ಎಂದರೆ, ಹೆಂಡತಿ ಕಾಳಮ್ಮನಿಗೆ ಇಪ್ಪತ್ತು ದಿನದ ಕೆಲಸ ಶುರುವಾಯಿತೆಂದು ಅರ್ಥ; ಒಲೆಯ ಮೇಲೆ ಅನ್ನಕ್ಕಿಟ್ಟು ಬಂದು, ನೀರು ಹನಿಸುತ್ತಾ ಸಾಣೆಕಲ್ಲಿನಿಂದ ಉಜ್ಜಿ ಉಜ್ಜಿ ಹೊಳಪು ತರುವವಳು ಅವಳೇ. ಜನ ತರುವ ಫೋಟೋಗಳಲ್ಲಿ ಹೆಂಗಸರ ಕೈಗಳು ಗಂಡನ ಕುರ್ಚಿಯ ಹಿಂದೆ ಮರೆಯಾಗಿರುವುದರಿಂದ, ಆಚಾರ್ ಎಲ್ಲ ಹೆಂಗಸರಿಗೂ ಕಾಳಮ್ಮನ ಕೈಗಳನ್ನೇ ಕೆತ್ತುತ್ತಾರೆ. ಮೊನ್ನೆ ನ್ಯಾಮತಿಯ ಮಲ್ಲಿಕಾರ್ಜುನಪ್ಪ ತಮ್ಮ ತಾಯಿಯ ಮೂರ್ತಿ ನೋಡಿ, “ಬೆರಳಿನ ಗೆಣ್ಣೆಲ್ಲಾ ಊದ್ಯಾವಲ್ರೀ! ನಮ್ಮವ್ವ ಕೂಲಿ ಮಾಡಿದೋಳಲ್ಲ. ನುಣ್ಣಗೆ ಮಾಡ್ರಿ, ಇಲ್ಲಾಂದ್ರೆ ಈ ಮೂರ್ತಿ ನಂಗೆ ಬ್ಯಾಡ” ಎಂದರು. ಕಾಳಮ್ಮ ತನ್ನ ಕೈಗಳನ್ನು ಮೆಲ್ಲಗೆ ಸೆರಗಿನೊಳಗೆ ಸೇರಿಸಿಕೊಂಡಳು. ಆಚಾರ್ ಅಂದು ಉಳಿಗೆ ಕೈ ಹಾಕಲಿಲ್ಲ. “ನಿಮ್ಮವ್ವನ ಕೈ ಹೆಂಗಿದ್ವು ಹೇಳ್ರಿ, ಹಂಗೇ ಮಾಡ್ತೀನಿ” ಎಂದರು. ಆ ಕೈಯಡುಗೆಯನ್ನು ನಲವತ್ತು ವರ್ಷ ಉಂಡಿದ್ದ ಮಲ್ಲಿಕಾರ್ಜುನಪ್ಪ ಎಷ್ಟು ಯೋಚಿಸಿದರೂ ಆ ಕೈಗಳು ನೆನಪಿಗೆ ಬರಲಿಲ್ಲ; ಮೂರ್ತಿಯನ್ನು ಇದ್ದ ಹಾಗೆಯೇ ಹುಲ್ಲು ಹಾಸಿದ ಗಾಡಿಗೆ ಹತ್ತಿಸಿಕೊಂಡು ಹೋದರು.