ತಾಕ್ಯಾಳ ಬಾಯಿಪಾಠ

ಪವಿತ್ರ ವಾರ ಬಂತೆಂದರೆ ಫಿಲಿಪೀನ್ಸಿನ ಬತಾಂಗಾಸ್ ಸೀಮೆಯ ಆ ಕೇರಿಯಲ್ಲಿ ತಾಕ್ಯಾಳಿಗೆ ಪುರುಸೊತ್ತೇ ಇರುತ್ತಿರಲಿಲ್ಲ. ಯೇಸುವಿನ ಸಂಕಟದ ಕಥೆಯನ್ನು ಮನೆಮನೆಯಲ್ಲೂ ಕೂತು ರಾಗವಾಗಿ ಓದಬೇಕು. ಅವಳಷ್ಟು ಇಂಪಾಗಿ ಓದುವವರು ಸುತ್ತಮುತ್ತ ಯಾರೂ ಇರಲಿಲ್ಲ. ಉಳಿದ ದಿನಗಳಲ್ಲಿ ಬಾಳೆಎಲೆಯಲ್ಲಿ ಅಂಟಕ್ಕಿಯ ಕಡುಬು ಸುತ್ತಿ ಸಂತೆಗೆ ಒಯ್ಯುತ್ತಿದ್ದಳು. ಗಂಡ ಇಸ್ಕೋ ದುಡಿದದ್ದನ್ನೆಲ್ಲ ಅವಳ ಕೈಗೆ ಕೊಟ್ಟು, ಕೋಳಿ ಅಂಕಕ್ಕೆ ಕಾಸು ಬೇಕಾದಾಗ ಅವಳ ಮುಂದೆಯೇ ತಲೆ ಕೆರೆಯುತ್ತ ನಿಲ್ಲಬೇಕು. ಮನೆಯಲ್ಲಿ ಅವಳದೇ ದರ್ಬಾರು. ಓಟು ಮಾತ್ರ ಇಸ್ಕೋನಿಗಿತ್ತು, ಅವಳಿಗಿರಲಿಲ್ಲ.

ಅವಳದೊಂದು ಗುಟ್ಟಿತ್ತು. ತಾಕ್ಯಾಳಿಗೆ ಓದಲು ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅಜ್ಜಿಯ ಪಕ್ಕ ಕೂತು ಕೇಳಿ ಕೇಳಿ ಇಡೀ ಕಥೆ ಬಾಯಿಪಾಠವಾಗಿತ್ತು. ಪುಸ್ತಕ ಮುಂದಿಟ್ಟುಕೊಂಡು ಕಣ್ಣು ಹೊರಳಿಸುತ್ತ, ಗಂಡನಿಗೂ ಗೊತ್ತಾಗದಂತೆ, ತಲೆ ನರೆಯುವ ತನಕ ಹಾಗೇ ದೂಡಿದ್ದಳು.

೧೯೩೭ರಲ್ಲಿ ಅಲ್ಲಿನ ಸರ್ಕಾರ ವಿಚಿತ್ರವಾದ ಷರತ್ತು ಹಾಕಿತು. ಹೆಂಗಸರಿಗೆ ಓಟಿನ ಹಕ್ಕು ಬೇಕೋ ಬೇಡವೋ ಎಂದು ಹೆಂಗಸರೇ ಓಟು ಹಾಕಿ ಹೇಳಬೇಕಂತೆ. ಮೂರು ಲಕ್ಷ ಮಂದಿ ಬೇಕು ಎಂದರಷ್ಟೇ ಸಿಕ್ಕೀತು, ಅದೂ ಓದು ಬರಹ ಬಲ್ಲೆವೆಂದು ತೋರಿಸಿ ಓಟಿನ ಪಟ್ಟಿಗೆ ಹೆಸರು ಬರೆಸಿದವರು. ಗಂಡಸರಿಗೆ ಕೊಡುವಾಗ ಬೇಕೋ ಬೇಡವೋ ಎಂದು ಯಾರೂ ಕೇಳಿರಲಿಲ್ಲ, ಬಿಡಿ.

ಶಾಲೆಯ ಟೀಚರ್ ನೀಲಾ ನೇರವಾಗಿ ತಾಕ್ಯಾಳ ಮನೆಗೆ ಬಂದಳು. ಹೆಸರು ಬರೆಸಲು ನೀವು ಮೊದಲು ನಿಂತರೆ ಇಡೀ ಕೇರಿ ಹಿಂದೆ ಬರುತ್ತದೆ ಎಂದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ತಾಕ್ಯಾ ಮಂಡಿನೋವು ಎಂದಳು. ಸುದ್ದಿ ಹಬ್ಬಲು ಎಷ್ಟು ಹೊತ್ತು? ಅಷ್ಟು ಓದಿದವಳೇ ಒಲ್ಲೆ ಅಂದಮೇಲೆ ನಮಗ್ಯಾಕೆ ಊರ ಉಸಾಬರಿ ಎಂದು ಬಟ್ಟೆ ಒಗೆಯುವ ಬಾಶಾ ಹಿಂದೆ ಸರಿದಳು. ಅವಳನ್ನು ನೋಡಿ ಉಳಿದವರೂ ಸರಿದರು.

ತಾಕ್ಯಾಳಿಗೆ ಅನ್ನ ಇಳಿಯಲಿಲ್ಲ. ತನ್ನೊಬ್ಬಳ ಮಾನ ಉಳಿಸಿಕೊಳ್ಳಲು ಕೇರಿಯ ಹೆಂಗಸರ ಬಾಯಿಗೇ ಬೀಗ ಹಾಕಿದೆನಲ್ಲ ಎಂದು ಕೊರಗಿದಳು. ಕೊನೆಗೆ ಟೀಚರ ಮನೆಗೆ ನಡೆದಳು.

"ನನ್ ಮಂಡಿ ಗಟ್ಟಿಯಾಗೇ ಇದೆ ಟೀಚರಮ್ಮಾ. ಒಂದಕ್ಷರಾನೂ ಬರಲ್ಲ, ಅಷ್ಟೇ."

ನೀಲಾ ನಗಲಿಲ್ಲ. ಅದೇ ಕಥೆಯ ಪುಸ್ತಕ ತಂದು, ಮೊದಲ ಸಾಲಿನ ಕೆಳಗೆ ತಾಕ್ಯಾಳ ಬೆರಳಿಟ್ಟು, "ನಿಧಾನಕ್ಕೆ ಹಾಡಿ ಅಕ್ಕಾ, ಬೆರಳು ಜೊತೇಲೇ ಬರ್ಲಿ" ಎಂದಳು. ಬಾಯಿಗೆ ಗೊತ್ತಿದ್ದದ್ದನ್ನು ಕಣ್ಣು ಒಂದೊಂದಾಗಿ ಗುರುತಿಸತೊಡಗಿತು. ಇಷ್ಟು ವರ್ಷ ಎದುರಿಗೇ ಇದ್ದವಲ್ಲ ಇವೆಲ್ಲ ಎಂದು ತಾಕ್ಯಾಳಿಗೆ ಅಳುವೇ ಬಂತು.

ಕೆಲವು ವಾರ ಹೀಗೇ ಓದು, ಸಹಿ ಕಲಿತ ಮೇಲೆ ಹೆಸರು ಬರೆಸುವ ದಿನ ಬಂತು. ಅಲ್ಲಿದ್ದ ಗುಮಾಸ್ತ ದೇವರ ಕಥೆ ಕೊಡಲಿಲ್ಲ, ಹಳೆಯ ಪತ್ರಿಕೆಯೊಂದನ್ನು ಮುಂದೆ ತಳ್ಳಿದ. ಕೊಬ್ಬರಿ ಧಾರಣೆಯ ಸುದ್ದಿ. ಅದಕ್ಕೆ ರಾಗವಿಲ್ಲ, ತಾಳವಿಲ್ಲ. ಏನಾಗುತ್ತದೋ ನೋಡೋಣವೆಂದು ಬಾಶಾ ಮತ್ತು ನಾಲ್ಕಾರು ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ತಾಕ್ಯಾ ಒಂದೊಂದೇ ಅಕ್ಷರ ಕೂಡಿಸಿ, ಎಡವಿ, ಹಿಂದೆ ಹೋಗಿ, ಮತ್ತೆ ತೊದಲಿದಳು. ಕಿವಿ ಕಾದು ಕೆಂಪಾಯಿತು. ಗುಟ್ಟು ಬಯಲಾಯಿತು ಎಂದುಕೊಂಡಳು.

"ಸಾಕು, ಸಹಿ ಮಾಡಮ್ಮ" ಎಂದ ಗುಮಾಸ್ತ.

ಸಹಿ ಮಾಡಿ ಹೊರಗೆ ಬಂದಾಗ ಬಾಶಾ ಅವಳ ತೋಳು ಹಿಡಿದಳು. "ತಾಕ್ಯಕ್ಕಾ, ಹಂಗೆ ತಡವರಿಸಿ ಓದಿದ್ರೂ ಒಪ್ಕೋತಾರಾ?"

"ಒಪ್ಕೊಂಡ್ರಲ್ಲ."

"ನಾನೂ ಹಂಗೇ ಓದೋದು. ನಿನ್ನಂಗೆ ಓದಕ್ಕೆ ಬಂದ್ರೇನೇ ಓದು ಅಂದ್ಕೊಂಡಿದ್ದೆ ಕಣಕ್ಕಾ" ಎಂದು ಬಾಶಾ ಸಾಲಿನಲ್ಲಿ ನಿಂತಳು. ಅವಳ ಹಿಂದೆ ಉಳಿದವರೂ ನಿಂತರು. ತಾಕ್ಯಾಳಿಗೆ ಹೋದ ಜೀವ ಬಂದಂತಾಯಿತು.

ಏಪ್ರಿಲ್ ಕೊನೆಯಲ್ಲಿ ಓಟು ನಡೆದು, ಸರ್ಕಾರ ಕೇಳಿದ್ದಕ್ಕಿಂತ ಹೆಚ್ಚು ಮಂದಿಯೇ ಬೇಕು ಎಂದಿದ್ದರು. ಸುದ್ದಿ ಬಂದ ಸಂಜೆ ಇಸ್ಕೋ ಹುಂಜದ ಮೈ ಸವರುತ್ತ ಹೆಂಡತಿಗೆ ಧೈರ್ಯ ಹೇಳಿದ.

"ಹೆದರ್ಬೇಡ ಕಣೇ. ಚುನಾವಣೆ ಬಂದಾಗ ಚೀಟೀಲಿ ಯಾರ್ಯಾರ ಹೆಸರಿದೆ ಅಂತ ನಾನು ಹೇಳ್ಕೊಡ್ತೀನಿ."

"ಬೇಡ" ಎಂದಳು ತಾಕ್ಯಾ. "ನಂಗೆ ಓದಕ್ಕೆ ಬರುತ್ತೆ."