ಕಾಲು ದಾಟಿ ಹತ್ತಿದ ದೋಣಿ

ಕಳೆದ ವಾರ ಗ್ಯಾರೇಜಿನ ನೆಲಕ್ಕೆ ಬಣ್ಣ ಹೊಡೆಸೋಣವೆಂದು ಹಳೆಯ ಟೇಪು ಕೀಳಲು ಕುಳಿತೆ. ಹಳದಿ ಟೇಪು. ಏಣಿಯ ಮೆಟ್ಟಿಲಿನ ಹಾಗೆ ಅಡ್ಡಡ್ಡವಾಗಿ, ಬಾಗಿಲಿನಿಂದ ಒಳಗೋಡೆಯವರೆಗೆ ನಾನೇ ಅಂಟಿಸಿದ್ದು. ಅಮೆರಿಕದ ನಮ್ಮ ಪೋರ್ಟರ್ ರ್ಯಾಂಚ್ ಬಡಾವಣೆಯ ಬಿಸಿಲಿಗೆ ಅಂಟು ಮೆತ್ತಗಾಗಿತ್ತು. ಒಂದು ತುದಿ ಎತ್ತಿದೊಡನೆ ಸೈಕಲ್ ಪಂಕ್ಚರ್ ಅಂಗಡಿಯ ಸಲ್ಯೂಷನ್ ವಾಸನೆ ಬಂತು. ಕೈ ಅಲ್ಲೇ ನಿಂತಿತು. ಪಕ್ಕದ ಮನೆಯ ಅಂಕಲ್ ನೆನಪಾದರು…

ಅವರು ಮೈಸೂರಿನವರು. ಇಲ್ಲಿ ಹೆದ್ದಾರಿ ಸೇತುವೆಗಳ ಡಿಸೈನ್ ಮಾಡಿ ರಿಟೈರ್ ಆದವರು. ನಾನು ಚಿಕ್ಕಪೇಟೆಯ ಬಟ್ಟೆ ಅಂಗಡಿಯಲ್ಲಿ ಥಾನು ಮಡಚುತ್ತಾ ವ್ಯಾಪಾರ ಕಲಿತವನು. ಈಗ ಗ್ಲೆಂಡೇಲ್‌ನಲ್ಲಿ ನನ್ನದೊಂದು ಟೈಲ್ಸ್, ಕಾರ್ಪೆಟ್ ಅಂಗಡಿ. ಓದಿನಲ್ಲಿ ನನಗೂ ಅವರಿಗೂ ಎಲ್ಲಿಂದೆಲ್ಲಿಗೂ ಸಂಬಂಧವಿಲ್ಲ. ಆದರೆ ಇಬ್ಬರಿಗೂ ಸುಮ್ಮನೆ ಕೂರಲು ಬರುತ್ತಿರಲಿಲ್ಲ, ಸ್ನೇಹಕ್ಕೆ ಅಷ್ಟು ಸಾಕಾಯಿತು.

ಅವರಿಗೆ ಪಾರ್ಕಿನ್ಸನ್ಸ್ ಇತ್ತು. ಕೈ ನಡುಗುವುದಕ್ಕಿಂತ ಕಾಲಿನ ತಕರಾರೇ ದೊಡ್ಡದು. ಚೆನ್ನಾಗಿ ನಡೆಯುತ್ತಾ ಬಂದವರು ಬಾಗಿಲು ಹತ್ತಿರವಾದೊಡನೆ ನೆಲಕ್ಕೆ ಮೊಳೆ ಹೊಡೆದ ಹಾಗೆ ನಿಂತುಬಿಡುತ್ತಿದ್ದರು. ಎದುರಿಗೆ ದಾಟಲು ಏನಾದರೂ ಕಂಡರೆ ಮಾತ್ರ ಕಾಲು ಮೇಲೇಳುತ್ತದೆ, ನೆಲದ ಮೇಲೊಂದು ಗೆರೆಯಾದರೂ ಸಾಕು ಎಂದು ಅವರ ಥೆರಪಿಸ್ಟ್ ಹೇಳಿದ್ದರಂತೆ. ನೆಲದ ವ್ಯಾಪಾರಿ ನಾನು, ಟೇಪಿಗೇನು ಬರ? ಅವರ ಮನೆಯ ಬಾಗಿಲುಗಳ ಮುಂದೆಲ್ಲ ಅಂಟಿಸಿಕೊಟ್ಟೆ.

ಲಾಕ್‌ಡೌನ್ ಬಂತು. ಮುಚ್ಚುತ್ತಿದ್ದ ಜಿಮ್ ಒಂದರಿಂದ ಎಕ್ಸರ್‌ಸೈಜ್ ಬೈಕೊಂದನ್ನು ಚೌಕಾಸಿ ಮಾಡಿ ಗ್ಯಾರೇಜಿಗೆ ತಂದೆ. ನಾಲ್ಕು ದಿನ ತುಳಿದು, ಆಮೇಲೆ ಅದರ ಮೇಲೆ ಟವೆಲ್ ಒಣಗಿಸತೊಡಗಿದೆ. ಒಂದು ಬೆಳಿಗ್ಗೆ ಅಂಕಲ್ ಮಾಸ್ಕ್ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತು, "ನಾನು ಹತ್ತಲೇನಯ್ಯಾ?" ಅಂದರು. ಹಿಡಿದು ಹತ್ತಿಸಿದೆ. ಹೊಸಿಲು ದಾಟಲು ಒದ್ದಾಡುತ್ತಿದ್ದ ಕಾಲುಗಳು ಪೆಡಲ್ ಸಿಕ್ಕಿದ್ದೇ ತಡ, ಹೊಲಿಗೆ ಯಂತ್ರದ ಹಾಗೆ ಓಡಿದವು! ಈ ಕಾಯಿಲೆಯಲ್ಲಿ ಕೆಲವರಿಗೆ ಹಾಗಂತೆ. ನಡಿಗೆ ಮರೆತ ಕಾಲಿಗೆ ಸೈಕಲ್ ಮರೆತಿರುವುದಿಲ್ಲ. ಅವತ್ತೇ ಗ್ಯಾರೇಜಿಗೂ ಟೇಪು ಬಿತ್ತು.

ಗೋಡೆಯ ಮೇಲೆ ಹಳೆಯ ಟೀವಿ ಹಾಕಿಕೊಟ್ಟೆ. ಅವರು ದಿನವೂ ನೋಡುತ್ತಿದ್ದದ್ದು ಒಂದೇ ವಿಡಿಯೊ. ಯಾರೋ ಹ್ಯಾಂಡಲ್‌ಗೆ ಕ್ಯಾಮೆರಾ ಕಟ್ಟಿಕೊಂಡು ನೆದರ್‌ಲ್ಯಾಂಡ್ಸ್‌ನಲ್ಲಿ ನಿಧಾನವಾಗಿ ಸೈಕಲ್ ಹೊಡೆಯುವುದು. ಮೊದಲು ಪೈನ್ ಕಾಡು, ಆಮೇಲೆ ನೇರಳೆ ಹೂವಿನ ಬಯಲು, ಆಮೇಲೆ ಹುಲ್ಲುಗಾವಲು, ಕೊನೆಗೆ ಒಂದು ಅಗಲವಾದ ನದಿ. ಆಚೆ ದಡದಿಂದ ಪುಟ್ಟ ದೋಣಿಯೊಂದು ಹೊರಡುವಾಗಲೇ ವಿಡಿಯೊ ಮುಗಿದುಹೋಗುತ್ತಿತ್ತು.

"ಏನಯ್ಯಾ ಇವನು! ದಿನಾ ದಡದವರೆಗೆ ಕರ್ಕೊಂಡು ಬಂದು ಕೈಬಿಡ್ತಾನೆ," ಎಂದು ಬೈಯುತ್ತಿದ್ದರು. "ಆಚೆ ಕಡೆ ಏನಿದೆ ಅಂತ ನೋಡ್ದೆ ನಾನಂತೂ ಹೋಗಲ್ಲ."

ಮೊದಮೊದಲು ಅದು ತಮಾಷೆ. ಎರಡು ವರ್ಷ ಕಳೆದ ಮೇಲೆ ಅದೇ ಮಾತನ್ನು ನಗದೆ ಹೇಳತೊಡಗಿದರು. ಕಾಯಿಲೆ ಯಾರಿಗೂ ಕಾಯುವುದಿಲ್ಲವಲ್ಲ. ಪೋರ್ಟರ್ ರ್ಯಾಂಚ್ ಬರೀ ಗುಡ್ಡ. ಅಂಥವರು ಹೊರಗೆ ಸೈಕಲ್ ಹೊಡೆಯಬೇಕಾದರೆ ಹಪ್ಪಳದಂಥ ಚಪ್ಪಟೆ ದೇಶವೇ ಬೇಕು. "ಹೋಗೋಣ ಅಂಕಲ್" ಅಂದೆ.

ತಡೆಯಾಗಿದ್ದವಳು ಅವರ ಮಗಳು. ಸ್ಯಾನ್ ಡಿಯೇಗೊದ ಸ್ಕ್ರಿಪ್ಸ್ ರ್ಯಾಂಚ್‌ನಲ್ಲಿದ್ದಳು, ಬಯೋಟೆಕ್ ಕಂಪನಿಯಲ್ಲಿ ಕೆಲಸ. ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡವೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಪ್ಪ ಬಿದ್ದು ಸೊಂಟ ಮುರಿದುಕೊಂಡರೆ ಎಂಬ ಭಯ ಅವಳಿಗೆ. ನಾನು ವಿಷಯ ಎತ್ತಿದೊಡನೆ "ನೋ ವೇ, ಅಂಕಲ್!" ಅಂದಳು.

ಚೌಕಾಸಿ ಮಾಡುವವರಿಗೆ ಒಂದು ಮಾತು ಹೇಳುತ್ತೇನೆ, ಇಟ್ಟುಕೊಳ್ಳಿ. ಎದುರಿನವರು ಇಲ್ಲ ಅಂದಾಗ ವಾದಕ್ಕೆ ಇಳಿಯಬೇಡಿ, ಸರಕು ತೋರಿಸಿ. ಅಂಕಲ್‌ರನ್ನು ಕಾರಿನಲ್ಲಿ ಸ್ಯಾನ್ ಡಿಯೇಗೊಗೆ ಕರೆದೊಯ್ದೆ. ಕೊಲ್ಲಿಯ ಪಕ್ಕದ ಸಮತಟ್ಟು ದಾರಿಯಲ್ಲಿ ಒಂದು ಬಾಡಿಗೆ ಸೈಕಲ್ ಹತ್ತಿಸಿ, ಸೀಟು ಹಿಡಿದು ನಾಲ್ಕು ಹೆಜ್ಜೆ ತಳ್ಳಿ ಬಿಟ್ಟೆ. ಹೋದರು… ಹೋಗುತ್ತಲೇ ಇದ್ದರು. ಮಗಳು ಕೂಲಿಂಗ್ ಗ್ಲಾಸ್ ಹಾಕಿಕೊಂಡಳು. ಕೊನೆಗೆ ಒಪ್ಪಿದಳು, ಆದರೆ ಷರತ್ತಿನ ಮೇಲೆ. ತಾನೂ ಬರುತ್ತೇನೆ, ದಾರಿಯಲ್ಲಿ ಒಂದೇ ಒಂದು ಸಲ ಅಪ್ಪನ ಕಾಲು ಕಚ್ಚಿಕೊಂಡು ನಿಂತರೂ ಅಲ್ಲಿಂದಲೇ ವಾಪಸ್. "ಡೀಲ್?" ಅಂದಳು. "ಡೀಲ್" ಅಂದೆ. ಟೇಪಿನ ಸುರುಳಿ ನನ್ನ ಬ್ಯಾಗಿನಲ್ಲಿರುವಾಗ ನನಗೇನು ಹೆದರಿಕೆ?

ಆ ನೇರಳೆ ಹೂವು ಅರಳುವ ಆಗಸ್ಟ್ ಕೊನೆಗೆ ಮೂವರೂ ನೆದರ್‌ಲ್ಯಾಂಡ್ಸ್‌ಗೆ ಹೋದೆವು. ನೀವೂ ಹೋಗುವವರಿದ್ದರೆ ಸೈಕಲ್ ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ, ಅದೂ ಮಳೆ ಹನಿಯುವ ಬೆಳಿಗ್ಗೆ ಅಂಗಡಿಗೆ ಹೋಗಿ. ಗಿರಾಕಿಯಿಲ್ಲದ ಹೊತ್ತಿನಲ್ಲಿ ಯಾವ ದೇಶದ ಅಂಗಡಿಯವನೂ ಬಗ್ಗುತ್ತಾನೆ. ಅಂಕಲ್‌ಗೆ ನಡುವೆ ಅಡ್ಡಕಂಬಿಯಿಲ್ಲದ ಸೈಕಲ್ ಆರಿಸಿದೆ.

"ಲೇಡೀಸ್ ಸೈಕಲ್ಲೇನಯ್ಯಾ? ಮೈಸೂರಲ್ಲಿ ಯಾರಾದ್ರೂ ನೋಡಿದ್ರೆ!"

"ಇಲ್ಲಿ ಯಾರೂ ಮೈಸೂರಿನೋರಿಲ್ಲ, ಹತ್ತಿ ಅಂಕಲ್."

ವೆಲುವೆ ಎನ್ನುವ ಕಾಡಿನಲ್ಲಿ ಎರಡು ದಿನ. ದಾರಿಯಲ್ಲಿ ಪೈನ್ ಎಲೆ ಮೆತ್ತೆಯಾಗಿ ಬಿದ್ದು ಚಕ್ರದ ಸದ್ದೇ ಇಲ್ಲ. ಕವಲುಗಳಲ್ಲಿ ನಾಯಿಕೊಡೆಯ ಆಕಾರದ ಮೋಟು ಕಲ್ಲುಗಳ ಮೇಲೆ ಊರುಗಳ ಹೆಸರು. ಕಾಡಿನಿಂದ ಹೊರಬಿದ್ದರೆ ಕಣ್ಣು ಹಾಯುವಷ್ಟು ದೂರ ನೇರಳೆ ಬಯಲು, ಅದರ ನಡುವೆ ಕುರಿ ಹಿಂಡು. ಅಂಕಲ್ ಎದುರು ಬಂದವರಿಗೆಲ್ಲ ನಮ್ಮೂರ ಹಾಗೆ ಟ್ರಿಣ್ ಟ್ರಿಣ್ ಬೆಲ್ ಹೊಡೆದರು. ಅಲ್ಲಿ ಬೆಲ್ ಹೊಡೆದರೆ 'ಪಕ್ಕಕ್ಕೆ ಸರಿ' ಎಂದಂತೆ. ಪಾಪ, ಎಷ್ಟೋ ಮುದುಕರು ಹುಲ್ಲಿಗಿಳಿದು ದಾರಿ ಬಿಟ್ಟರು. ಇವರು ರಾಜರ ಹಾಗೆ ಕೈಬೀಸಿ ಮುಂದೆ ಹೋದರು. ಹತ್ತುವಾಗ, ಇಳಿಯುವಾಗ ನಾನು ಸೀಟು ಹಿಡಿಯುತ್ತಿದ್ದೆ. ರಾತ್ರಿ ಹೋಟೆಲಿನ ಬಾತ್‌ರೂಮ್ ಬಾಗಿಲ ಮುಂದಿನ ನೆಲಕ್ಕೆ ಟೇಪು ಅಂಟಿಸುತ್ತಿದ್ದೆ.

ಮೂರನೆಯ ದಿನ ಐಸೆಲ್ ನದಿಯ ದಡ. ವಿಡಿಯೊದಲ್ಲಿದ್ದಂಥದ್ದೇ ಪುಟ್ಟ ದೋಣಿ ಬಂತು. ಸೈಕಲ್‌ನಿಂದ ಇಳಿದೇ ಹತ್ತಬೇಕು. ಅಂಕಲ್ ಇಳಿದರು, ದೋಣಿಯ ಕಬ್ಬಿಣದ ಹಲಗೆಯ ಮುಂದೆ ಹೋದರು, ನಿಂತರು. ಕಾಲು ಏಳಲಿಲ್ಲ.

"ಟೇಪು?" ಅಂದರು ಮೆಲ್ಲಗೆ.

ಬ್ಯಾಗಿಗೆ ಕೈಹಾಕಿದೆ. ಇಲ್ಲ! ರಾತ್ರಿಯ ಹೋಟೆಲಿನಲ್ಲೇ ಉಳಿದಿತ್ತು. ಹಿಂದೆ ಸೈಕಲ್ ಹಿಡಿದವರ ಸಾಲು, ದೋಣಿಯವನ ಕೈ ಸರಪಳಿಯ ಮೇಲೆ. ಅಂಕಲ್ ನೀರಿನಾಚೆಯೇ ನೋಡುತ್ತಿದ್ದರು. ನಾನು ಮಗಳ ಮುಖ ನೋಡಿದೆ. ಷರತ್ತು ಅವಳದು, ವಾಪಸ್ ಎಂದರೆ ವಾಪಸ್. ಅವಳು ತನ್ನ ಸೈಕಲ್ಲನ್ನು ಹುಲ್ಲಿನ ಮೇಲೆ ಮಲಗಿಸಿ ಬಂದು, ಅಪ್ಪನ ಪಾದದ ಮುಂದೆ ತನ್ನ ಕಾಲನ್ನು ಅಡ್ಡ ಇಟ್ಟಳು.

"ದಾಟಿ, ಅಪ್ಪಾ."

ಕನ್ನಡ! ಅಂಕಲ್ ಆ ಕಾಲನ್ನೇ ನೋಡಿದರು. "ಮಕ್ಕಳನ್ನ ದಾಟಬಾರ್ದಮ್ಮ. ಬೆಳೆಯಲ್ಲ."

"ಅಪ್ಪಾ, ಐಯಾಮ್ ಫಾರ್ಟಿ ಟೂ. ಬೆಳ್ದಾಯ್ತು. ದಾಟಿ!"

ದಾಟಿದರು. ಮುಂದಿನ ಹೆಜ್ಜೆಗೆ ನನ್ನ ಬೂಟು ಇಟ್ಟೆ, ಅದನ್ನೂ ದಾಟಿದರು. ಮತ್ತೆ ಅವಳದು. ದೋಣಿಯ ಒಳಗಿದ್ದ ಡಚ್ ಅಜ್ಜಿಯೊಬ್ಬಳಿಗೆ ಏನು ಅರ್ಥವಾಯಿತೋ, ಗಂಭೀರವಾಗಿ ತನ್ನ ಕೆಂಪು ಷೂ ಮುಂದೆ ಚಾಚಿದಳು. ಅಂಕಲ್ ಅದನ್ನು ದಾಟುವ ಮೊದಲು ಕೈಮುಗಿದರು. ಇಡೀ ದೋಣಿ ನಕ್ಕಿತು. ಸಾಲಿನಲ್ಲಿದ್ದವರು ನಮ್ಮ ಸೈಕಲ್‌ಗಳನ್ನೂ ಹತ್ತಿಸಿಕೊಟ್ಟರು.

"ಜೀವಮಾನವೆಲ್ಲ ಸೇತುವೆ ಕಟ್ಟಿದೋನು ನಾನು, ಹೊಳೆ ದಾಟೋಕೆ ನಿಮ್ಮ ಕಾಲೇ ಬೇಕಾಯ್ತಲ್ಲ," ಎಂದು ಕಣ್ಣು ಒರೆಸಿಕೊಂಡರು. ನಾನು ಮಗಳ ಕಿವಿಯಲ್ಲಿ "ಡೀಲ್ ಏನಾಯ್ತಮ್ಮ?" ಅಂದೆ. "ವಾಟ್ ಡೀಲ್?" ಅಂದಳು.

ಆಚೆ ದಡದಲ್ಲಿ ಇದ್ದದ್ದು ಒಂದು ಹುಲ್ಲುಗಾವಲು, ಎರಡು ಹಸು, ಒಂದು ಬೆಂಚು. "ಇಷ್ಟೇನಾ!" ಎಂದು ಅಂಕಲ್ ಅದೇ ಬೆಂಚಿನ ಮೇಲೆ ಕುಳಿತು ಮನಸಾರೆ ನಕ್ಕರು. ಆಮೇಲೆ ಒಂದೇ ಹಟ: ದಾಟಿದ ಕಾಲುಗಳನ್ನು ಹಿಂದಕ್ಕೆ ದಾಟಿಬಿಡಬೇಕು, ಇಲ್ಲದಿದ್ದರೆ ಒಳ್ಳೆಯದಲ್ಲ, ವಾಪಸ್ ಬರುವಾಗ ಇದೇ ದೋಣಿಗೇ ಬರೋಣ. ಆದರೆ ಮರುದಿನ ಜೋರು ಮಳೆ, ಆಚೆ ದಡದ ಊರಿನಿಂದಲೇ ರೈಲು ಹತ್ತಿದೆವು…

ಮುಂದಿನ ವರ್ಷ ಎಕ್ಸರ್‌ಸೈಜ್ ಬೈಕೂ ಅವರ ಕೈಲಿ ಆಗದಾಯಿತು. ಮಗಳು ಸ್ಕ್ರಿಪ್ಸ್ ರ್ಯಾಂಚ್‌ಗೆ ಕರೆದೊಯ್ದಳು. ಹೊರಡುವಾಗ ಕಾರಿನ ಕಿಟಕಿಯಿಂದ ನನ್ನ ಬೂಟು ನೋಡಿ, "ಹಿಂದಕ್ಕೆ ದಾಟೋದು ನಿಂದೂ ಒಂದು ಬಾಕಿ ಇದೆ ಕಣಯ್ಯಾ. ಬರ್ತೀನಿ," ಅಂದಿದ್ದರು. ಕಳೆದ ಚಳಿಗಾಲದಲ್ಲಿ ತೀರಿಕೊಂಡರು.

ಟೇಪು ಪೂರ್ತಿ ಕಿತ್ತೆ. ಅದರ ಅಡಿಯಲ್ಲಿ ಧೂಳು ಕೂತಿರಲಿಲ್ಲ. ಟೇಪು ಹೋದ ಜಾಗದಲ್ಲೆಲ್ಲ ಸಿಮೆಂಟು ಬೆಳ್ಳಗೆ, ಗೆರೆಗಳು ಇದ್ದಲ್ಲೇ ಇದ್ದವು. ಬಣ್ಣದವನಿಗೆ ಫೋನ್ ಮಾಡಿ, ನೆಲ ಬೇಡ, ಗೋಡೆಗಷ್ಟೇ ಸಾಕು ಅಂದೆ. ಬಾಕಿ ಉಳಿಸಿಕೊಂಡ ಗಿರಾಕಿಯನ್ನು ನಾನು ಎಂದೂ ಸುಲಭಕ್ಕೆ ಬಿಟ್ಟವನಲ್ಲ. ಇವರೊಬ್ಬರನ್ನು ಮಾತ್ರ ಎಲ್ಲಿ ಅಂತ ಹುಡುಕಲಿ…