ಮಲಿಕಸಾಬನ ಬೇರೆ ತಾಟು

ದೇವಣಗಾಂವದ ಮಲಿಕಸಾಬನಿಗೆ ಆರು ತಿಂಗಳಿಂದ ತಾಟು ಬೇರೆ. ಸ್ಟೀಲಿನದು, ಒಂದು ಅಂಚು ನೆಗ್ಗಿದ್ದು. ಲೋಟವೂ ಬೇರೆ, ಅವೆರಡನ್ನೂ ತಿಕ್ಕುವ ನಾರೂ ಬೇರೆ. ಊಟದ ಹೊತ್ತಿಗೆ ಅವನು ಹೊಸ್ತಿಲ ಹತ್ತಿರ ಕುಳಿತುಕೊಳ್ಳುತ್ತಾನೆ. ಒಳಗೆ ಅವನ ತಾಯಿ ಜೋಹರಾಬಿ, ಹೆಂಡತಿ ಸಗೀರಾ, ಒಂಬತ್ತು ವರ್ಷದ ಮಗಳು ಕೌಸರ ಮೂವರೂ ಊಟದ ಬಟ್ಟೆ ದಸ್ತರಖಾನ ಹಾಸಿ, ನಡುವೆ ದೊಡ್ಡ ತಾಮ್ರದ ತಾಟು ಇಟ್ಟುಕೊಂಡು ಉಣ್ಣುತ್ತಾರೆ.

ಬೇರೆ ತಾಟಿನಲ್ಲಿ ಉಂಡರೆ ಏನು ಗಂಟು ಹೋಯಿತು ಎಂದು ನೀವು ಕೇಳಬಹುದು. ಆ ಮನೆಯ ರೀತಿ ಗೊತ್ತಿಲ್ಲದವರು ಕೇಳುವ ಮಾತು ಅದು. ಅಲ್ಲಿ ಮೂರು ತಲೆಮಾರಿನಿಂದ ಎಲ್ಲರೂ ಉಣ್ಣುವುದು ಒಂದೇ ತಾಟಿನಲ್ಲಿ. ತನ್ನ ಮುಂದಿನದನ್ನಷ್ಟೇ ಉಣ್ಣಬೇಕು, ಎದುರಿನವರ ಕಡೆ ಕೈ ಚಾಚಬಾರದು. ಆದರೆ ಒಳ್ಳೆಯ ತುಂಡು ತನ್ನ ಪಾಲಿಗೆ ಬಂದರೆ ಬೆರಳ ತುದಿಯಿಂದ ಮತ್ತೊಬ್ಬರ ಕಡೆ ಸರಿಸಬೇಕು, ಸರಿಸಿದ್ದು ಗೊತ್ತೇ ಆಗದ ಹಾಗೆ. ಪ್ರೀತಿ ಗೀತಿ ಎಂದು ಬಾಯಿಬಿಟ್ಟು ಹೇಳುವ ಮಂದಿಯಲ್ಲ ಅವರು. ಹೇಳುವುದನ್ನೆಲ್ಲ ಆ ತಾಟಿನಲ್ಲೇ ಹೇಳಿ ಮುಗಿಸುತ್ತಾರೆ.

ತಾಟು ಮಲಿಕಸಾಬನ ತಂದೆಯ ಕಾಲದ್ದು. ತಂದೆ ಕಲಾಯಿ ಹಾಕುವವರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಸಂತೆಯಿಂದ ಸಂತೆಗೆ ಗಾಳಿ ಊದುವ ತಿದಿ, ತವರ ಹೊತ್ತುಕೊಂಡು ತಿರುಗಿ, ಮಂದಿಯ ತಾಮ್ರದ ಪಾತ್ರೆಗಳನ್ನು ಒಳಗಡೆ ಬೆಳ್ಳಗೆ ಹೊಳೆಯುವಂತೆ ಮಾಡಿ ಕೊಡುತ್ತಿದ್ದರು. ಮನೆಮನೆಗೆ ಸ್ಟೀಲು ಬಂತು, ತಿದಿ ಮೂಲೆ ಸೇರಿತು. ಹತ್ತೊಂಬತ್ತು ವರ್ಷದ ಮಲಿಕಸಾಬ ಪುಣೆಯ ಬಸ್ಸು ಹತ್ತಿದ. ಹೋಟೆಲಿನಲ್ಲಿ ಪಾತ್ರೆ ತೊಳೆದ, ಉಳ್ಳಾಗಡ್ಡಿ ಹೆಚ್ಚಿದ, ತಂದೂರಿನ ಮುಂದೆ ಬೆಂದ. ಕೊನೆಯ ಒಂಬತ್ತು ವರ್ಷ ಒಂದು ಹಾಟ್‌ಪಾಟ್ ಹೋಟೆಲಿನಲ್ಲಿ ಸಾರು ಕಾಯಿಸುವ ಮೇಸ್ತ್ರಿಯಾಗಿದ್ದ.

ನಮ್ಮ ಕಡೆ ಹಾಟ್‌ಪಾಟ್ ಅಂದರೆ ರೊಟ್ಟಿ ಬಿಸಿ ಇಡುವ ಡಬ್ಬಿ. ಇದು ಅದಲ್ಲ. ಇಲ್ಲಿ ಮೇಜಿನ ನಡುವೆಯೇ ಒಲೆ, ಒಲೆಯ ಮೇಲೆ ಕುದಿಯುವ ಸಾರು. ಸುತ್ತ ಕುಳಿತವರು ತೆಳ್ಳಗೆ ಹೆಚ್ಚಿದ ಹಸಿ ಮಾಂಸ, ಅಣಬೆ, ಸೊಪ್ಪು ಎಲ್ಲವನ್ನೂ ತಾವೇ ಅದರಲ್ಲಿ ಅದ್ದಿ, ಬೇಯಿಸಿಕೊಂಡು ತಿನ್ನುತ್ತಾರೆ. ಮಗ ಇದನ್ನು ಮೊದಲ ಸಲ ವಿವರಿಸಿದಾಗ ಜೋಹರಾಬಿ ಬಹಳ ಹೊತ್ತು ವಿಚಾರ ಮಾಡಿ, “ಎಲ್ಲಾ ಅವರ ಮಾಡ್ಕೊಂಡ ತಿಂತಾರಂದ್ರ, ನಿನಗ ಪಗಾರ ಯಾಕ ಕೊಡ್ತಾರೋ ಮಲಿಕ್ಯಾ?” ಎಂದು ಕೇಳಿದ್ದಳು.

ಪಗಾರ ಕೊಡುತ್ತಿದ್ದುದು ಸಾರಿಗೆ. ನಸುಕಿನಲ್ಲಿ ಎಲುಬು ಹಾಕಿ ಒಲೆ ಹೊತ್ತಿಸಿದರೆ ಮಧ್ಯಾಹ್ನದ ತನಕ ಅವನು ಅದರ ಮುಂದಿನಿಂದ ಏಳುತ್ತಿರಲಿಲ್ಲ. ಮಂಗಳವಾರ ರಜೆ. ರಜೆಯ ದಿನವೂ ಅವನು ಹೋಗುತ್ತಿದ್ದುದು ಬೇರೆ ಹಾಟ್‌ಪಾಟ್ ಹೋಟೆಲುಗಳಿಗೇ, ಅದೊಂದು ಹುಚ್ಚು. ಜೊತೆಗೆ ಇಂಗಳೇಶ್ವರದ ಕಾಂತು ಇರುತ್ತಿದ್ದ. ಕಾಂತು ಅದೇ ಅಡಿಗೆಮನೆಯಲ್ಲಿ ಮಾಂಸ ಹೆಚ್ಚುವವನು, ಕುರಿ ಕಾಯುವವರ ಮನೆಯ ಮಗ, ಇಪ್ಪತ್ತಾರರ ವಯಸ್ಸು. ಇಬ್ಬರದೂ ಒಂದೇ ಖೋಲಿ, ಕಿಟಕಿ ಇಲ್ಲದ್ದು.

ಪುಣೆಯ ಹಾಟ್‌ಪಾಟ್ ಹೋಟೆಲುಗಳಲ್ಲಿ ಅವರಿಗೆ ಮನಸ್ಸಿಗೆ ಬಂದದ್ದು ಮೂರು. ಸ್ಟೇಶನ್ ಹಿಂದಿನ ಗಲ್ಲಿಯಲ್ಲಿ ಒಬ್ಬ ಮುದುಕನದು, ನಡುವೆ ಚಿಮಣಿ ಇರುವ ಹಿತ್ತಾಳೆ ಪಾತ್ರೆ, ನೀರಿನಂಥ ತಿಳಿಸಾರು. ಮಾಲಿನೊಳಗೆ ಒಂದು, ತಟ್ಟೆಗಳು ಪಟ್ಟಿಯ ಮೇಲೆ ತಾವೇ ಸಾಗಿ ಬರುತ್ತಿದ್ದವು. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಪಾತ್ರೆ. ಕಾಂತುಗೆ ಆ ಥಳಕು ಸೇರುತ್ತಿತ್ತು. ಮಲಿಕಸಾಬನಿಗೆ ಎಲ್ಲಕ್ಕಿಂತ ಸೇರಿದ್ದು ಈಶಾನ್ಯದ ಕಡೆಯ ಅಕ್ಕತಂಗಿಯರು ನಡೆಸುತ್ತಿದ್ದ ಆರು ಮೇಜಿನ ಹೋಟೆಲು. ಟೊಮ್ಯಾಟೊ ಸಾರು, ಹೊಳೆಮೀನು, ಮತ್ತೆ ಎಷ್ಟೇ ಜನ ಬಂದರೂ ಒಂದೇ ಪಾತ್ರೆ. ಗುರುತಿಲ್ಲದವರನ್ನೂ ಅಕ್ಕ ಒಂದೇ ಮೇಜಿಗೆ ಕೂರಿಸಿಬಿಡುತ್ತಿದ್ದಳು. “ಇಲ್ಲೆ ಕುಂತ್ರ ನಮ್ಮನಿ ತಾಟ ನೆನಪಾಗತೈತಿ ನೋಡಪಾ,” ಎಂದು ಅವನು ಪ್ರತಿ ಸಲ ಹೇಳುತ್ತಿದ್ದ. ಪ್ರತಿ ಸಲ ಕಾಂತು ನಗುತ್ತಿದ್ದ.

ಕೆಮ್ಮು ಶುರುವಾದದ್ದು ಮಳೆಗಾಲದಲ್ಲಿ. ಅಡಿಗೆಮನೆಯ ಹೊಗೆ ಎಂದುಕೊಂಡ. ಸಂಜೆಯಾದರೆ ಸಣ್ಣ ಜ್ವರ, ಪ್ಯಾಂಟು ಸಡಿಲ. ಮೂರು ತಿಂಗಳು ಯಾರಿಗೂ ಹೇಳಲಿಲ್ಲ, ಹೇಳಿದರೆ ಒಲೆಯ ಮುಂದಿನಿಂದ ಎಬ್ಬಿಸುತ್ತಾರೆ ಎಂಬ ಹೆದರಿಕೆ. ಒಂದು ದಿನ ಕಫದಲ್ಲಿ ರಕ್ತ ಕಂಡಿತು. ಅವತ್ತೇ “ಊರಾಗ ಹೊಲದ ಕೆಲಸ ಐತಿ” ಎಂದು ಮಾಲೀಕನಿಗೂ ಕಾಂತುಗೂ ಹೇಳಿ ಚೀಲ ಕಟ್ಟಿದ. ಅವನಿಗೆ ಹೊಲವೇ ಇರಲಿಲ್ಲ.

ಸಿಂದಗಿಯ ದವಾಖಾನೆಯಲ್ಲಿ ಟಿಬಿ ಎಂದರು. ಆರು ತಿಂಗಳ ಗುಳಿಗೆ. ಊರಿನ ಆಶಾ ಕಾರ್ಯಕರ್ತೆ ಸುರೇಖಾ ಪಟ್ಟಿ ಬರೆದುಕೊಳ್ಳಲು ಬಂದಾಗ, “ಪುಣೇದಾಗ ನಿಮ್ಮ ಸಂಗಾಟ ಖೋಲ್ಯಾಗ ಯಾರ ಮಲಗ್ತಿದ್ರು? ಅವರನ್ನೂ ತಪಾಸ ಮಾಡಿಸಬೇಕ್ರಿ,” ಅಂದಳು.

“ಯಾರೂ ಇಲ್ರಿ. ಒಬ್ಬನ ಇದ್ದೆ,” ಅಂದ ಮಲಿಕಸಾಬ. ಕಾಂತುನ ಹೆಸರು ಬರೆಸಿದರೆ ಕಾಂತುನ ಕೆಲಸ ಹೋಗುತ್ತದೆ, ಹುಡುಗ ಗಟ್ಟಿಮುಟ್ಟಾಗಿದ್ದಾನೆ, ಏನೂ ಆಗುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅದು ಉಪಕಾರ ಎಂದೇ ತಿಳಿದಿದ್ದ, ಪುಣ್ಯಾತ್ಮ.

ಅವತ್ತೇ ಮನೆಯಲ್ಲಿ ಸಗೀರಾ ತಾಟು ಬೇರೆ ಮಾಡಿದಳು. ಅವಳನ್ನು ಬೈಯುವುದು ಸುಲಭ, ನಾನು ಬೈಯುವುದಿಲ್ಲ. ಅವಳ ತಮ್ಮ ಸಲ್ಮಾನ ಇದೇ ರೋಗದಲ್ಲಿ ಹೋದವನು. ಕೆಮ್ಮನ್ನು ಮುಚ್ಚಿಟ್ಟ, ಆಮೇಲೆ ಗುಳಿಗೆ ಅರ್ಧಕ್ಕೆ ಬಿಟ್ಟ, ಇಪ್ಪತ್ತೊಂದಕ್ಕೆ ಮಣ್ಣಾದ. ಕೊನೆಯ ದಿನ ಅವನ ತಲೆ ಇದ್ದದ್ದು ಇವಳ ತೊಡೆಯ ಮೇಲೆ. ಅಂಥವಳಿಗೆ ಸುರೇಖಾ ಬಂದು, “ಅಕ್ಕಾ, ಇದು ತಾಟಿನಿಂದ ಹಬ್ಬೂದಿಲ್ಲ, ಗಾಳಿಯಿಂದ ಹಬ್ಬತೈತಿ. ಗುಳಿಗಿ ಚಾಲೂ ಮಾಡಿ ಎರಡ ತಿಂಗಳ ಆತು, ಈಗ ಅವರಿಂದ ಯಾರಿಗೂ ಬರಂಗಿಲ್ಲ,” ಎಂದು ಎಷ್ಟು ಬಿಡಿಸಿ ಹೇಳಿದರೂ, ಅವಳು ಹೂಂ ಎಂದು ತಲೆಯಾಡಿಸಿ, ನೆಗ್ಗಿದ ತಾಟನ್ನು ಮತ್ತೆ ಬೇರೆಯಾಗಿ ಕಿಟಕಿಯ ಕಟ್ಟೆಯ ಮೇಲೇ ಬೋರಲು ಹಾಕುತ್ತಿದ್ದಳು. ಆರನೇ ತಿಂಗಳು ಮುಗಿದು, ಕಫದಲ್ಲಿ ಏನೂ ಇಲ್ಲ, ಪೂರಾ ಗುಣವಾಗಿದೆ ಎಂದು ಡಾಕ್ಟರು ಹೇಳಿದ ದಿನವೂ ಊಟ ಹೊಸ್ತಿಲಿಗೇ ಬಂತು. ಮಲಿಕಸಾಬ ತಾಟನ್ನು ಎಳೆದುಕೊಂಡ. ಮುಖ ತಿರುಗಿಸಿಕೊಂಡು ಉಂಡ.

ಶುಕ್ರವಾರ ಕಾಂತುನ ಫೋನು ಬಂತು.

“ಅಣ್ಣಾ, ನಂಗೂ ಅದ ಆಗೈತಿ. ಮೂರ ವಾರ ಆತು ಗುಳಿಗಿ ಚಾಲೂ ಮಾಡಿ.”

ಮಲಿಕಸಾಬ ಅಂಗಳದ ಬೇವಿನ ಮರಕ್ಕೆ ಆತುಕೊಂಡು ನಿಂತ.

“ನಿಂಗೂ ಆಗಿತ್ತಂತ, ಸಿಂದಗಿ ಕಡಿ ಒಬ್ಬಾವ ಹೇಳಿದ,” ಎಂದ ಕಾಂತು. ದನಿಯಲ್ಲಿ ಸಿಟ್ಟಿರಲಿಲ್ಲ. “ಊರಿಗೆ ಹೋಗಬೇಕಂತ ಮಾಡೇನಿ. ಖರೇ ಅಂದ್ರ ಅಂಜಿಕಿ ಆಗತೈತಿ. ನಿಮ್ಮ ಮನ್ಯಾಗ ನಿನ್ನ ಹ್ಯಾಂಗ ನಡಸ್ಕೋತಾರಣ್ಣಾ?”

“ಮೊದಲಿನಂಗ,” ಅಂದುಬಿಟ್ಟ ಮಲಿಕಸಾಬ. “ಒಂದ ತಾಟಿನ್ಯಾಗ ಉಣ್ತೇವಿ.”

“ಹೌದಾ?” ಕಾಂತು ಉಸಿರು ಬಿಟ್ಟದ್ದು ಇತ್ತ ಕೇಳಿಸಿತು. “ಹಂಗಾದ್ರ ಸೋಮವಾರ ಬಸ್ ಹತ್ತತೇನಿ. ಇಲ್ಲಂದ್ರ ಹೋಗೂದ ಬ್ಯಾಡ, ಎಲ್ಯಾರ ಬಿದ್ದಿರೂನು ಅಂತ ಮಾಡಿದ್ದೆ.”

ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಯಿತು, ನುಂಗಲೂ ಆಗದು ಉಗುಳಲೂ ಆಗದು. ರೋಗ ಕೊಟ್ಟದ್ದು ತಾನು. ಈಗ ಸುಳ್ಳನ್ನೂ ಕೊಟ್ಟು ಅವನನ್ನು ಅವರ ಮನೆಯ ಹೊಸ್ತಿಲಿಗೆ ಕಳಿಸುತ್ತಿದ್ದಾನೆ. ಸೋಮವಾರದೊಳಗೆ ಆ ಸುಳ್ಳನ್ನು ನಿಜ ಮಾಡಬೇಕು. ಆದರೆ ‘ತಾಟಿನಲ್ಲಿ ನನಗೂ ಜಾಗ ಕೊಡಿ’ ಎಂದು ಬಾಯಿಬಿಟ್ಟು ಕೇಳುವವನು ಅವನಲ್ಲ. ಅವನಿಗೆ ಬರುತ್ತಿದ್ದ ವಿದ್ಯೆ ಒಂದೇ, ಸಾರು ಕಾಯಿಸುವುದು. ಕುದಿಯುವ ನೀರಿನಲ್ಲಿ ಯಾವ ರೋಗ ಉಳಿದೀತು, ಕುದಿಯುವ ಪಾತ್ರೆಯ ಸುತ್ತ ಕೂರಲು ಸಗೀರಾ ಕೂಡ ಹೆದರಲಾರಳು ಎಂದು ಲೆಕ್ಕ ಹಾಕಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ರವಿವಾರ ಬೆಳಗ್ಗೆ ಬೇವಿನ ನೆರಳಿಗೆ ಇದ್ದಲಿನ ಶೆಗಡಿ ಬಂತು, ಅದರ ಮೇಲೆ ದೊಡ್ಡ ಬೋಗಾಣಿ. ಎಲುಬು, ಶುಂಠಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಚಕ್ರಮೊಗ್ಗು. ಕೋಳಿಯನ್ನು ಹಾಳೆಯಂತೆ ತೆಳ್ಳಗೆ ಹೆಚ್ಚಿದ. ಭೀಮಾ ಹೊಳೆಯ ಮೀನು ತಂದ. ಮೆಂತೆ, ರಾಜಗಿರಿ, ಉಳ್ಳಾಗಡ್ಡಿ ತಪ್ಪಲು ಸೋಸಿ ಇಟ್ಟ. ಪುಣೆಯ ನೂಡಲ್ಸಿನ ಬದಲು ಮನೆಯ ಶಾವಿಗೆ. ಆರು ತಿಂಗಳಲ್ಲಿ ಅವನು ಇಷ್ಟು ಮಾತಾಡಿದ್ದೇ ಇಲ್ಲ. ಆ ಅಕ್ಕತಂಗಿಯರ ಹೋಟೆಲಿನ ಸುದ್ದಿ, ಚಿಮಣಿ ಪಾತ್ರೆಯ ಮುದುಕನ ಸುದ್ದಿ ಎಲ್ಲ ಹೇಳಿದ. ಕೌಸರಳಿಗೆ ಅಪ್ಪ ಹೊಸಬನಾಗಿ ಕಂಡ. ಸಗೀರಾ ಎಲ್ಲರಿಗೂ ಒಂದೊಂದು ಬಟ್ಟಲು, ಒಂದೊಂದು ಸೌಟು ತಂದಿಟ್ಟಳು, ಹಾಟ್‌ಪಾಟಿನ ರೀತಿ ಅದೇ ಎಂದು ಅವನೇ ಹೇಳಿಕೊಟ್ಟಿದ್ದ.

ನಾಲ್ವರೂ ಸುತ್ತ ಕುಳಿತರು. ಅವನು ಎಣಿಸಿದ್ದು ಸುಳ್ಳಾಗಲಿಲ್ಲ, ಯಾರೂ ದೂರ ಸರಿಯಲಿಲ್ಲ. ಕೌಸರ ಅವನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ಮೀನು ಅದ್ದಿದಳು. ಜೋಹರಾಬಿ ಸಾರು ಸುರ್ರನೆ ಹೀರಿ, “ಇದಕ್ಕ ಪಗಾರ ಕೊಡಬೇಕಾದ್ದ ಖರೇ,” ಅಂದಳು. ಸಗೀರಾ ಕೂಡ ನಕ್ಕಳು. ಮಲಿಕಸಾಬ, ಇನ್ನೇನು, ಆಯಿತು ಅಂದುಕೊಂಡ.

ಕೌಸರ ಬಟ್ಟಲಿನಿಂದ ಮುಖ ಎತ್ತಿ ಎಲ್ಲರನ್ನೂ ಒಮ್ಮೆ ನೋಡಿದಳು. “ಅಮ್ಮಾ, ಇವತ್ತ ನಾವೂ ಎಲ್ಲಾರೂ ಅಬ್ಬಾನಂಗ ಬ್ಯಾರೆ ಬ್ಯಾರೆ ಉಣ್ಣಾಕತ್ತೇವಿ ನೋಡು,” ಅಂದಳು.

ಕೂಸಿಗೇನು ಗೊತ್ತು, ಖುಷಿಯಲ್ಲೇ ಅಂದಳು. ಸಗೀರಾಳ ಸೌಟು ಅಲ್ಲೇ ನಿಂತಿತು. ಮಲಿಕಸಾಬ ನಾಲ್ಕು ಬಟ್ಟಲುಗಳನ್ನು ನೋಡಿದ. ಒಂದು ತಾಟಿಗೆ ಸೇರಲು ಹೊರಟವನು ಇದ್ದವರನ್ನೂ ತಾಟಿನಿಂದ ಎಬ್ಬಿಸಿ ತನ್ನ ಹಾಗೆ ಬೇರೆ ಬೇರೆ ಕೂರಿಸಿದ್ದ. ತನ್ನ ಬಟ್ಟಲನ್ನು ಕೆಳಗಿಟ್ಟ.

ಉಂಡಾದ ಮೇಲೆ ಜೋಹರಾಬಿ ಮೊಮ್ಮಗಳನ್ನು ಕರೆದುಕೊಂಡು ಒಳಗೆ ಹೋದಳು. ಮಲಿಕಸಾಬ ಶೆಗಡಿಯ ಮುಂದೆಯೇ ಕುಳಿತಿದ್ದ. ಸಗೀರಾ ಒಳಗಿನಿಂದ ತಾಮ್ರದ ತಾಟು ತಂದು ಅವನೆದುರು ಇಟ್ಟಳು. ಒಂದಿಷ್ಟು ಅನ್ನ ಹಾಕಿ, ಉಳಿದ ಸಾರು, ಎಲುಬಿನ ತುಂಡು ಸುರಿದು, ತಾನು ಆಚೆ ಬದಿಗೆ ಕುಳಿತಳು.

“ಕೂಸು ಇನ್ನೊಂದಿಷ್ಟ ದಿನ ಬ್ಯಾಡ್ರಿ. ನನ್ನ ಎದಿ ಇನ್ನೂ ಹೊಡ್ಕೋತೈತಿ,” ಅಂದಳು. “ನಾ ಕುಂದರ್ತೇನಿ. ಉಣ್ಣ್ರಿ.”

ಅವಳೇ ಮೊದಲು ತಾಟಿಗೆ ಕೈ ಹಾಕಿದಳು. ಆರು ತಿಂಗಳು ಅವನು ಕಾದದ್ದು ಇದಕ್ಕೇ. ಈಗ ಅವನ ಕೈಯೇ ಮೇಲೇಳಲಿಲ್ಲ.

“ಸಗೀರಾ, ಖೋಲ್ಯಾಗ ನಾ ಒಬ್ಬನ ಇದ್ದಿಲ್ಲ,” ಅಂದ. “ಕಾಂತು ಇದ್ದ. ಸುರೇಖಾಬಾಯಿಗೆ ಸುಳ್ಳ ಹೇಳಿದೆ. ಈಗ ಅವಂಗೂ ಆಗೈತಿ.”

ಸಗೀರಾ ಕೈ ಹಿಂದೆ ತೆಗೆದಳು. ಬೆರಳಿಗೆ ಅಂಟಿದ ಅನ್ನ ಹಾಗೇ ಇತ್ತು.

“ನನ್ನ ತಮ್ಮನೂ ಹಿಂಗ ಮುಚ್ಚಿಟ್ಟಿದ್ದ,” ಅಂದಳು. ಆಮೇಲೆ ದನಿ ಏರಿಸದೆ ಹೇಳಿದಳು, “ತಾಟ ಬ್ಯಾರೆ ಇಟ್ಟೆ ಅಂತ ಆರ ತಿಂಗಳ ಮಾರಿ ಸಣ್ಣದ ಮಾಡ್ಕೊಂಡ ಕುಂತ್ರಿ. ನಾ ನಿಮಗ ಬರೇ ತಾಟ ಬ್ಯಾರೆ ಕೊಟ್ಟೆ. ನೀವು ಆ ಹುಡುಗಗ ಜಡ್ಡ ಕೊಟ್ಟ ಬಂದ್ರಿ. ಒಂದ ಮಾತ ಹೇಳಿದ್ರ ಅವ ಅವಾಗ ತೋರಿಸ್ಕೋತಿದ್ದ.”

ಅವನು ತಲೆ ತಗ್ಗಿಸಿದ. ಶೆಗಡಿಯ ಕೆಂಡದ ಮೇಲೆ ಬೂದಿ ಕಟ್ಟತೊಡಗಿತ್ತು.

“ಫೋನ್ ಹಚ್ಚ್ರಿ,” ಅಂದಳು ಸಗೀರಾ. “ಈಗ.”

ಅವನು ಹಚ್ಚಿದ. ದನಿ ಜೋರಾಗಿ ಕೇಳುವಂತೆ ಫೋನನ್ನು ತಾಟಿನ ಪಕ್ಕದಲ್ಲೇ ಇಟ್ಟ. ಕಾಂತು ಎತ್ತಿದ ಕೂಡಲೇ, ಧೈರ್ಯ ಜಾರುವ ಮೊದಲು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ. ಕಫದಲ್ಲಿ ರಕ್ತ ಕಂಡದ್ದನ್ನು ಹೇಳದೆ ಬಂದದ್ದು, ಹೆಸರು ಬರೆಸದೆ ಬಿಟ್ಟದ್ದು, ಒಂದೇ ತಾಟಿನಲ್ಲಿ ಉಣ್ಣುತ್ತೇವೆ ಅಂದದ್ದು ಸುಳ್ಳು ಎಂಬುದು.

ಕಾಂತು ಕೆಮ್ಮಿದ. ಆ ಕೆಮ್ಮು ಮಲಿಕಸಾಬನಿಗೆ ತನ್ನದೇ ಅನ್ನಿಸಿತು.

“ಮನಿಗೆ ಹೋಗಾಕ ಈಗ ಮತ್ತಷ್ಟ ಅಂಜಿಕಿ ಆತಲ್ಲಣ್ಣಾ,” ಅಂದ ಕಾಂತು.

“ಮೊದಲ ಇಲ್ಲಿಗೆ ಬಾ. ನಾನೂ ನಿನ್ನ ಸಂಗಾಟ ಇಂಗಳೇಶ್ವರಕ್ಕ ಬರ್ತೇನಿ. ನಿಮ್ಮ ಅವ್ವನ ಮುಂದ ನಾನ ಹೇಳ್ತೇನಿ, ಇದು ನನ್ನಿಂದ ಬಂದಿದ್ದು ಅಂತ.”

“ಅಲ್ಲಿಗೆ ಬಂದ್ರ, ನಂಗ ತಾಟ ಬ್ಯಾರೆ ಇಡ್ತೀರೇನು?”

ಮಲಿಕಸಾಬ ಹೆಂಡತಿಯ ಮುಖ ನೋಡಿದ. ಹುಡುಗನ ಸಮಾಧಾನಕ್ಕೆ ಇಲ್ಲ ಎಂದಾಳು ಅಂದುಕೊಂಡ. ಸಗೀರಾ ಫೋನಿನ ಕಡೆ ಬಾಗಿದಳು.

“ಹೂಂ, ಇಡ್ತೇನಿ,” ಅಂದಳು. “ಬ್ಯಾಡ ಅಂತಾರ ಸುರೇಖಾಬಾಯಿ, ಆದ್ರ ನನ್ನ ಜೀವಕ್ಕ ತಡಿಯಂಗಿಲ್ಲ. ಗುಳಿಗಿ ಪೂರಾ ನುಂಗು. ಮುಗಿಸಿದ ದಿನ ಇದ ತಾಟಿನ್ಯಾಗ ಉಣ್ಣಾಕ ಹಾಕ್ತೇನಿ. ಇವರಂಗ ನಾ ಸುಳ್ಳ ಹೇಳಂಗಿಲ್ಲ.”

ಕಾಂತು, “ಬರ್ತೇನ್ರಿ ಅಕ್ಕಾ,” ಅಂದ.

ಫೋನು ಕಟ್ಟಾಯಿತು. ಅನ್ನ ಆರಿ ಹೋಗಿತ್ತು. ಸಗೀರಾ ಗಂಡನ ಕಡೆ ನೋಡದೆ ಕೈಯನ್ನು ಮತ್ತೆ ತಾಟಿಗೆ ಹಾಕಿದಳು, ತನ್ನ ಮುಂದಿದ್ದ ಎಲುಬಿನ ತುಂಡನ್ನು ಬೆರಳ ತುದಿಯಿಂದ ಅವನ ಕಡೆ ಸರಿಸಿದಳು. ಮಲಿಕಸಾಬ ಅದನ್ನು ಎತ್ತಿಕೊಂಡು ತಿಂದ.